ದಿವಾನಜಿ ಕೂಡ್ತಿದ್ದ ಜಾಗ

ಬ್ಯಾಡಗಿಯ ಹಳೇ ಪೇಟೆಯಲ್ಲಿ ನಮ್ಮ ಅಜ್ಜನ ಅಡತಿ ಅಂಗಡಿ ಇದೆ. ಅದರ ಬೀಗ ತೆಗೆದ ಕೂಡಲೇ ಮೊದಲು ಬರೋದು ನೆನಪಲ್ಲ, ಸೀನು. ಒಳಗೆ ಮೆಣಸಿನಕಾಯಿ ಚೀಲ ಇಟ್ಟು ಹದಿನೈದು ವರ್ಷ ಆಯ್ತು. ವಹಿವಾಟು ಎಪಿಎಂಸಿ ಯಾರ್ಡಿಗೆ ಹೋಯ್ತು, ಮಾಲು ಕೋಲ್ಡ್ ಸ್ಟೋರೇಜಿಗೆ ಹೋಯ್ತು, ಅಜ್ಜನೂ ಹೋದ. ಘಾಟು ಮಾತ್ರ ತೊಲೆ-ಜಂತಿಯೊಳಗೆ ಹಾಗೇ ಉಳಿದಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ನೀವು ಕೇಳಿರ್ತೀರಿ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದೂ ಗೊತ್ತಿರಬಹುದು. ಖಾರ ಕಡಿಮೆ ಅನ್ನೋರು ಒಮ್ಮೆ ನಮ್ಮ ಅಂಗಡಿಯ ಅಟ್ಟದ ಹಲಗೆ ಸರಿಸಿ ನೋಡಬೇಕು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ವಿಷಯ ತೆಗೆದರು. ಜಾಗಕ್ಕೆ ಗಿರಾಕಿ ಬಂದಿದ್ದಾನೆ, ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾನೆ, ಕೆಳಗೆ ಆರು ಶಟರ್, ಮೇಲೆ ಲಾಡ್ಜು. ರೇಟೂ ಚೆನ್ನಾಗಿತ್ತು. ಅಪ್ಪ ಸುಮ್ಮನೆ ತಲೆ ಆಡಿಸಿದರು. ಸುಮ್ಮನಿರದೇ ಇದ್ದವಳು ಕಾಕಾನ ಮಗಳು.

ಅವಳು ಹಾವೇರಿಯಲ್ಲಿ ಎಂ.ಎ. ಓದುತ್ತಾಳೆ. ಕೆರಿಮತ್ತಿಹಳ್ಳಿಯಲ್ಲಿ ಮೊದಲು ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತು, ಈಗ ಅದೇ ಹಾವೇರಿ ವಿಶ್ವವಿದ್ಯಾಲಯ. ನಮ್ಮೂರಿಂದ ಅಲ್ಲಿಗೆ ದಿನಾ ಓಡಾಡುವ ಹುಡುಗ-ಹುಡುಗಿಯರು ಬಹಳ. ಕ್ಲಾಸು ಮುಗಿಸಿ ಬಂದರೆ ಮನೆಯಲ್ಲಿ ಟಿವಿ, ಮಕ್ಕಳು, ಬಂದು ಹೋಗುವವರು. ಹಾಗಾಗಿ ಇವಳು ಮತ್ತು ಇವಳ ಗೆಳತಿಯರು ಓದೋದು ರೈಲ್ವೆ ಸ್ಟೇಷನ್ನಿನ ಬೆಂಚ್ ಮೇಲೆ. ನನಗೆ ಆ ದಿನದವರೆಗೂ ಅದು ಗೊತ್ತಿರಲಿಲ್ಲ.

"ಅಕ್ಕಾ, ನೀ ಬೆಂಗಳೂರಾಗ ದೊಡ್ಡ ದೊಡ್ಡ ಕಂಪನಿಗೆ ಆಫೀಸ್ ಮಾಡಿಕೊಡ್ತಿ. ನಮಗ ಒಂದು ಓದೋ ಜಾಗ ಮಾಡಿಕೊಡಾಕ ಆಗಂಗಿಲ್ಲೇನು?"

ಎಲ್ಲರೆದುರೇ ಕೇಳಿಬಿಟ್ಟಳು. ಕಾಕಾ ನನ್ನ ಮುಖ ನೋಡಿದರು. "ಯುಗಾದಿ ತನಕ ಟೈಮ್ ಕೊಡ್ತೇನಿ ಯವ್ವಾ. ಅದರೊಳಗ ಏನರ ಆದ್ರ ಆತು, ಇಲ್ಲಂದ್ರ ಕೊಟ್ಟು ಬಿಡೋದ."

ನಾನು ಒಳಾಂಗಣ ವಿನ್ಯಾಸದ ಕೆಲಸದವಳು. ಬೆಂಗಳೂರಿಗೆ ವಾಪಸ್ ಬಂದು ಎರಡೇ ರಾತ್ರಿಯಲ್ಲಿ ಪ್ಲ್ಯಾನ್ ಮಾಡಿದೆ. ಜಿಪ್ಸಂ ಫಾಲ್ಸ್ ಸೀಲಿಂಗು, ಗಾಜಿನ ಪಾರ್ಟಿಷನ್, ಎಸಿ, ಒಂದು ಗೋಡೆಗೆ ಮೆಣಸಿನಕಾಯಿ ಕೆಂಪು ಬಣ್ಣ, ಮೂಲೆಯಲ್ಲಿ ಬೀನ್ ಬ್ಯಾಗು. ಬಹಳ ಚೆಂದ ಬಂದಿತ್ತು. ಕಾಕಾನಿಗೆ ವಾಟ್ಸ್ಆ್ಯಪ್ ಮಾಡಿದೆ. ಒಂದು ಗಂಟೆ ಬಿಟ್ಟು ಫೋನು ಬಂತು.

"ಚಲೋ ಐತಿ ಯವ್ವಾ. ಆದ್ರ ಇದು ಯಾವ ಊರಿಂದು?"

ನಕ್ಕೆ. ಆಮೇಲೆ ನಗು ಬರಲಿಲ್ಲ. ಯಾಕಂದ್ರೆ ಇದೇ ತಪ್ಪನ್ನು ನಾನು ಒಮ್ಮೆ ಮಾಡಿ ಆಗಿತ್ತು. ನಾಲ್ಕು ವರ್ಷದ ಹಿಂದೆ ಬೆಂಗಳೂರಿನ ಒಂದು ಹಳೇ ಬಂಗಲೆಯನ್ನು ಒಂದು ಸಂಸ್ಥೆಗೆ ತರಬೇತಿ ಕೇಂದ್ರ ಮಾಡಿಕೊಟ್ಟಿದ್ದೆ. ಗಚ್ಚಿನ ಗೋಡೆಗಳ ಮೇಲೆ ಸಿಮೆಂಟ್ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಪೇಂಟು, ಎತ್ತರದ ಚಾವಣಿ ಮುಚ್ಚಿ ಜಿಪ್ಸಂ. ಉದ್ಘಾಟನೆ ದಿನ ಎಲ್ಲರೂ ಹೊಗಳಿದರು. ಎರಡನೇ ಮಳೆಗಾಲಕ್ಕೆ ಗೋಡೆಗಳೆಲ್ಲ ಗುಳ್ಳೆ ಎದ್ದವು. ಹಳೇ ಸುಣ್ಣದ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತೆ, ಹಾಗೇ ಗಾಳಿಗೆ ಬಿಟ್ಟುಬಿಡುತ್ತೆ. ನಾನು ಅದರ ಉಸಿರು ಕಟ್ಟಿಸಿದ್ದೆ. ಒಳಗೇ ಸಿಕ್ಕಿಕೊಂಡ ತೇವ ಉಪ್ಪನ್ನೆಲ್ಲ ಹೊತ್ತುಕೊಂಡು ಪೇಂಟನ್ನು ಒಡೆದು ಹೊರಗೆ ಬಂತು. ಫಾಲ್ಸ್ ಸೀಲಿಂಗಿನ ಮೇಲೆ ಯಾವ ಹೆಂಚು ಸೋರುತ್ತಿದೆ ಅಂತ ಯಾರಿಗೂ ಕಾಣಲಿಲ್ಲ. ಕಂಡಾಗ ಒಂದು ತೊಲೆ ಕೊಳೆತಿತ್ತು. ಆ ಬಂಗಲೆ ಈಗ ಇಲ್ಲ.

ಅದಕ್ಕೇ, ಲ್ಯಾಪ್‌ಟಾಪ್ ಮುಚ್ಚಿ, ಹಳೇ ಕಟ್ಟಡದಲ್ಲಿ ನಿಜವಾಗಿಯೂ ಓದು ನಡೀತಾ ಇರುವ ಜಾಗ ಒಂದನ್ನು ನೋಡೋಣ ಅಂತ ಹೊರಟೆ. ದೂರ ಹೋಗೋದೇನೂ ಬೇಕಿರಲಿಲ್ಲ. ಧಾರವಾಡಕ್ಕೆ.

ಬ್ಯಾಡಗಿಯಿಂದ ಬೆಳಗಿನ ರೈಲು. ಹಾವೇರಿ, ಕರಜಗಿ, ಸವಣೂರು, ಯಲವಿಗಿ, ಗುಡಗೇರಿ, ಕುಂದಗೋಳ, ಹುಬ್ಬಳ್ಳಿ. ಚಿಕ್ಕಂದಿನಿಂದ ಈ ಹೆಸರುಗಳನ್ನು ಮಗ್ಗಿ ಥರ ಹೇಳಿದವಳು ನಾನು. ಈ ಹಳಿ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಅನ್ನೋ ಕಂಪನಿ. 1876-78ರ ಭೀಕರ ಬರಗಾಲದಲ್ಲಿ ನಮ್ಮ ಸೀಮೆಗೆ ಕಾಳು ತಲುಪಿಸೋಕೆ ದಾರಿಯಿಲ್ಲದೆ ಜನ ಸತ್ತರು. ಇನ್ನೊಮ್ಮೆ ಹಾಗಾಗಬಾರದು ಅಂತ ಯೋಚನೆ ಆಗಿ, 1882ರಲ್ಲಿ ಈ ಕಂಪನಿ ಹುಟ್ಟಿತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಬಂದದ್ದು ಅದೇ ದಶಕದಲ್ಲಿ. ನಮ್ಮೂರ ಮೆಣಸಿನಕಾಯಿ ದೂರದ ಪೇಟೆಗಳಿಗೆ ಹೋಗೋಕೆ ಈ ಹಳಿಯೇ ದಾರಿ ಆಯ್ತು. ಅಂದರೆ ನಮ್ಮ ಅಂಗಡಿಗೂ ಆ ಕಂಪನಿಗೂ ಒಂದು ನಂಟಿದೆ. ಇಲ್ಲಿ ತೂಕ ಆದ ಚೀಲದ ಬಾಡಿಗೆ ಲೆಕ್ಕ ಅಲ್ಲಿ ಯಾರೋ ಬರೆದಿಟ್ಟಿರಬೇಕು.

ಆ 'ಅಲ್ಲಿ' ಅಂದರೆ ಧಾರವಾಡ. ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ಅಲ್ಲಿಯೇ, ಒಂದು ದೊಡ್ಡ ಕಲ್ಲಿನ ಕಟ್ಟಡದಲ್ಲಿ. 1908ರ ಜನವರಿಯಲ್ಲಿ ಇದು ಮದ್ರಾಸ್ ರೈಲ್ವೆ ಜೊತೆ ಕೂಡಿ 'ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ' ಆಯ್ತು, ಕೇಂದ್ರ ಕಚೇರಿ ಮದ್ರಾಸಿಗೆ ಹೋಯ್ತು. ಹೊಸ ಕಂಪನಿಗೆ ಧಾರವಾಡದ ಆ ಕಟ್ಟಡದ ಕೆಲಸ ಮುಗಿದಿತ್ತು.

ಅದೇ ಹೊತ್ತಿಗೆ ಈ ಭಾಗದ ಹುಡುಗರಿಗೆ ಮೆಟ್ರಿಕ್ ಆದ ಮೇಲೆ ಪುಣೆ ಇಲ್ಲವೇ ಮುಂಬೈ. ಇಲ್ಲೊಂದು ಕಾಲೇಜು ಬೇಕು ಅಂತ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಮುಂದೆ ನಿಂತು ಹಣ ಕೂಡಿಸಿದರು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯ್ತು. ಮುಂದೆ ಅದು ರೈಲ್ವೆ ಬಿಟ್ಟುಹೋದ ಕಲ್ಲಿನ ಕಟ್ಟಡಕ್ಕೆ ಬಂತು, ಅಲ್ಲೇ ಉಳಿಯಿತು. ಈಗ ಎಲ್ಲರ ಬಾಯಲ್ಲೂ ಕೆಸಿಡಿ. ವಿ.ಕೃ. ಗೋಕಾಕರು ಇಲ್ಲಿ ಪ್ರಿನ್ಸಿಪಾಲರಾಗಿದ್ದರು, ಗಿರೀಶ ಕಾರ್ನಾಡರು ಇಲ್ಲೇ ಡಿಗ್ರಿ ಓದಿದರು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಮುಂಬೈಯಿಂದ ಧಾರವಾಡಕ್ಕೆ ಬಂತು. ಈ ಕಾಲೇಜು ಅದರ ಸ್ವಂತ ಕಾಲೇಜಾಯ್ತು.

ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ ಹತ್ತಿದೆ. ಜ್ಯುಬಿಲಿ ಸರ್ಕಲ್‌ನಿಂದ ಆಟೋ. (ಪೇಢೆ ತಗೊಳ್ಳದೆ ಬಂದರೆ ಮನೆಯೊಳಗೆ ಬಿಡೋದಿಲ್ಲ ಅಂತ ಅವ್ವ ಮೊದಲೇ ಹೇಳಿದ್ದಳು, ಅದನ್ನೂ ತಗೊಂಡೆ.) ಗೇಟಿನಲ್ಲಿ ಒಬ್ಬ ಹಿರಿಯರು ತಡೆದರು.

"ಯಾರು ಬೇಕ್ರೀ?"

"ಯಾರೂ ಬ್ಯಾಡ್ರಿ. ಕಟ್ಟಡ ನೋಡಾಕ ಬಂದೇನಿ."

"ನೋಡ್ರಿ ನೋಡ್ರಿ. ಅದೇನು ಓಡಿ ಹೋಗಂಗಿಲ್ಲ."

ನಿಜ, ಓಡಿಹೋಗುವ ಕಟ್ಟಡ ಅಲ್ಲ ಅದು. ದಪ್ಪ ಕಲ್ಲಿನ ಗೋಡೆ, ಕಮಾನು, ತಲೆ ಎತ್ತಿ ನೋಡಬೇಕಾದ ಚಾವಣಿ. ನಾನು ಟೇಪು ಹಿಡಿದು ಅಲಂಕಾರ ಅಳೆಯೋಕೆ ಹೋದವಳು, ಅಲ್ಲಿ ನಿಂತು ನೋಡಿದ್ದೇ ಬೇರೆ. ಕಿಟಕಿ ಪಕ್ಕ ಹುಡುಗಿಯೊಬ್ಬಳು ನೋಟ್ಸ್ ಬರೀತಾ ಇದ್ದಳು. ಲೈಟು ಹಾಕಿರಲಿಲ್ಲ. ಬೇಕಾಗಿರಲೂ ಇಲ್ಲ.

ಅಲ್ಲಿ ಹೊಳೆಯಿತು. ಈ ಕಟ್ಟಡ ಕಟ್ಟಿದಾಗ ವಿದ್ಯುತ್ ದೀಪ ಇರಲಿಲ್ಲ. ರೈಲ್ವೆ ಕಚೇರಿ ಅಂದರೆ ದಿನವಿಡೀ ಬರೆಯುವ ನೂರಾರು ಗುಮಾಸ್ತರು. ಟಿಕೆಟ್ ಲೆಕ್ಕ, ಸರಕಿನ ಲೆಕ್ಕ, ಕಲ್ಲಿದ್ದಲ ಲೆಕ್ಕ. ಅವರ ಮೇಜಿಗೆ ಸೂರ್ಯನ ಬೆಳಕೇ ಬರಬೇಕು. ಹಾಗಾಗಿ ಕೋಣೆ ಬಹಳ ಆಳ ಇರುವಂತಿಲ್ಲ, ಕಿಟಕಿ ಎತ್ತರ ಇರಬೇಕು, ಬಿಸಿ ಗಾಳಿ ಮೇಲೇರಲು ಚಾವಣಿ ಮೇಲಿರಬೇಕು. ಕಡತ ಹೊತ್ತವರು ಕೋಣೆಯಿಂದ ಕೋಣೆಗೆ ಓಡಾಡೋಕೆ ದಾರಿ ಬೇಕು. ಕಡತದ ಜಾಗದಲ್ಲಿ ಪುಸ್ತಕ ಇಡಿ, ಗುಮಾಸ್ತನ ಜಾಗದಲ್ಲಿ ವಿದ್ಯಾರ್ಥಿಯನ್ನು ಕೂರಿಸಿ, ಕಾಲೇಜಾಯ್ತು. ಬರೆಯೋಕೆ ಅಂತಲೇ ಕಟ್ಟಿದ ಮನೆಯೊಳಗೆ ಬರೆಯುವವರು ಬಂದು ಕೂತರು, ಅಷ್ಟೇ.

ಎಲ್ಲ ಕಟ್ಟಡಕ್ಕೂ ಈ ಅದೃಷ್ಟ ಇರೋದಿಲ್ಲ. ಮೈಸೂರಿನ ಜಯಲಕ್ಷ್ಮಿ ವಿಲಾಸ ಅರಮನೆ ನೋಡಿ. 1905ರಲ್ಲಿ ರಾಜಕುಮಾರಿಗೆ ಅಂತ ಕಟ್ಟಿದ್ದು. 1959ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅದನ್ನು ಕೊಂಡಿತು, ಸುತ್ತ ಮಾನಸಗಂಗೋತ್ರಿ ಬೆಳೆಯಿತು. ಒಳಗೆ ಜಾನಪದ ವಸ್ತುಸಂಗ್ರಹಾಲಯ ಬಂತು. ಇನ್ಫೋಸಿಸ್ ಫೌಂಡೇಷನ್ ನೆರವಿನಿಂದ ಒಮ್ಮೆ ದೊಡ್ಡ ದುರಸ್ತಿ ಆಯ್ತು, ಆದರೂ ಮತ್ತೆ ದುರಸ್ತಿ ಬೇಕಾಯ್ತು. ವಾಸಕ್ಕೆ, ವೈಭವಕ್ಕೆ ಕಟ್ಟಿದ ಮರದ ಕೆತ್ತನೆಯ ಮನೆಯನ್ನು ಸಂಸ್ಥೆ ಮಾಡಿ ನಡೆಸೋದು ಅಂದರೆ ಸುಮ್ಮನೆ ಅಲ್ಲ. ಅದೇ ಧಾರವಾಡದಲ್ಲಿ 2016ರಲ್ಲಿ ಐಐಟಿ ಶುರುವಾದಾಗ ತನ್ನ ಕ್ಯಾಂಪಸ್ ಇರಲಿಲ್ಲ. ನೀರು-ನೆಲದ ತರಬೇತಿ ಕೊಡುವ ವಾಲ್ಮಿ ಸಂಸ್ಥೆಯ ಕಟ್ಟಡಗಳಲ್ಲಿ ಪಾಠ ನಡೆಯಿತು. ಅದು ಹಳೇ ಕಾಲದ ಕಟ್ಟಡ ಅಲ್ಲ, ಇರಲಿ. ಆದರೆ ತರಬೇತಿಗೆ ಕಟ್ಟಿದ ಜಾಗದಲ್ಲಿ ಪಾಠ ಸಲೀಸು.

ವಾಪಸ್ ರೈಲಿನಲ್ಲಿ ಕೂತು ಕಾಕಾನಿಗೆ ಫೋನ್ ಮಾಡಿದೆ. ರೇಟಿನ ಮಾತು ಎತ್ತುವ ಮೊದಲೇ ಕೇಳಿದೆ: "ಕಾಕಾ, ನಮ್ಮ ಅಂಗಡಿಯೊಳಗ ದಿವಾನಜಿ ಎಲ್ಲಿ ಕೂಡ್ತಿದ್ರು?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಯಾಕ?"

"ಹೇಳ್ರಿ ಸುಮ್ನ."

"ನೀ ಬಾ. ತೋರಸ್ತೇನಿ."

ಮರುದಿನ ಇಬ್ಬರೂ ಬಾಯಿಗೆ ಟವೆಲ್ ಕಟ್ಟಿಕೊಂಡು ಒಳಗೆ ಹೋದೆವು. ಮುಂದೆ ಕಟ್ಟೆ, ಅದರ ಹಿಂದೆ ಅಜ್ಜನ ಗಾದಿ, ಆಮೇಲೆ ಉದ್ದಕ್ಕೆ ಹೋಗುವ ಗೋದಾಮು. ದಿವಾನಜಿಯ ಜಾಗ ಗಾದಿಯ ಪಕ್ಕ, ಬೀದಿ ಕಿಟಕಿಗೆ ಎಡಗೈ ಮಾಡಿ. ನೆಲದ ಮೇಲೆ ಕೂತು, ಇಳಿಜಾರಿನ ಸಣ್ಣ ಡೆಸ್ಕ್ ಮೇಲೆ ಕೀರ್ದಿ ಬರೀತಿದ್ದರಂತೆ. ಬೆಳಕು ಎಡದಿಂದ ಬಂದರೆ ಬಲಗೈಯ ನೆರಳು ಅಕ್ಷರದ ಮೇಲೆ ಬೀಳೋದಿಲ್ಲ. ಅದನ್ನು ನಮಗೆ ಕ್ಲಾಸಿನಲ್ಲಿ ಸ್ಲೈಡ್ ಹಾಕಿ ಹೇಳಿಕೊಟ್ಟಿದ್ದರು.

"ಮಧ್ಯಾಹ್ನ ಆದ ಮ್ಯಾಲೆ ಇಲ್ಲಿ ಬಿಸಿಲು ಕಣ್ಣಿಗೆ ಹೊಡೀತಿತ್ತು. ಆಗ ಡೆಸ್ಕ್ ಎತ್ತಿಕೊಂಡು ಒಳಗ ಹೋಗ್ತಿದ್ರು," ಅಂತ ಕಾಕಾ ಗೋದಾಮಿನ ನಡುವೆ ನಿಂತು ಮೇಲೆ ತೋರಿಸಿದರು. ಮಣ್ಣಿನ ಮಾಳಿಗೆಯಲ್ಲಿ ಮೂರು ಬೆಳಕಿಂಡಿ. ಎರಡನ್ನು ಅಪ್ಪನ ಕಾಲದಲ್ಲಿ ಮಳೆಗೆ ಹೆದರಿ ತಗಡು ಹೊಡೆದು ಮುಚ್ಚಿದ್ದರು. ನನ್ನ ಚೆಂದದ ಪ್ಲ್ಯಾನಿನಲ್ಲಿ ಮೂರರ ಕೆಳಗೂ ಫಾಲ್ಸ್ ಸೀಲಿಂಗು ಇತ್ತು.

ತಗಡು ತೆಗೆಸಿ ಗಾಜು ಹಾಕಿಸಿದ ದಿನ ಆ ಗೋದಾಮನ್ನು ನಾನು ಮೊದಲ ಸಲ ನೋಡಿದೆ ಅಂತಲೇ ಹೇಳಬೇಕು.

ಕೆಲಸ ಶುರುವಾಯ್ತು. ಊರಿನ ಒಬ್ಬ ವಯಸ್ಸಾದ ಗೌಂಡಿ ಸಿಕ್ಕರು, ಗಚ್ಚಿನ ಕೆಲಸ ಗೊತ್ತಿದ್ದವರು. ಗೋಡೆಯ ಬುಡದಲ್ಲಿ ಯಾವತ್ತೋ ಬಳಿದಿದ್ದ ಸಿಮೆಂಟ್ ಕಿತ್ತು ಸುಣ್ಣದ ಗಿಲಾವು ಮಾಡಿದರು. ವೈರಿಂಗ್‌ಗೆ ಗೋಡೆ ಕೊರೆಯಲಿಲ್ಲ, ಪೈಪು ಹೊರಗೇ ಕಾಣುವಂತೆ ಓಡಿಸಿದೆವು. ಕಂಡರೆ ಏನಾಯ್ತು, ಕೆಟ್ಟರೆ ರಿಪೇರಿ ಸುಲಭ. ಎಸಿ ಕೈಬಿಟ್ಟೆ. ಮಣ್ಣಿನ ಮಾಳಿಗೆ ಏಪ್ರಿಲ್‌ನಲ್ಲೂ ತಣ್ಣಗಿರುತ್ತೆ, ಫ್ಯಾನು ಸಾಕು.

ಅಟ್ಟದ ಮೇಲೆ ಪುಸ್ತಕದ ಕಪಾಟು ಇಡೋಣ ಅಂತ ಹುಡುಗಿಯರ ಆಸೆ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಪುಸ್ತಕದ ತೂಕ ಜನರಿಗೆ ಗೊತ್ತಾಗೋದಿಲ್ಲ. ನಮ್ಮ ದೇಶದ ಕಟ್ಟಡ ಮಾನಕದ ಪ್ರಕಾರ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಲೆಕ್ಕ ಹಿಡಿದರೆ, ಗ್ರಂಥಾಲಯದ ಕಪಾಟಿನ ಕೋಣೆಗೆ ಕಡಿಮೆಯೆಂದರೂ 600 ಕಿಲೋ ಹಿಡಿಯಬೇಕು. ಕಾಕಾನನ್ನು ಕೇಳಿದೆ, ಅಟ್ಟದ ಮೇಲೆ ಏನು ಇಡ್ತಿದ್ರಿ ಅಂತ. "ಖಾಲಿ ಚೀಲ." ಸರಿ, ಅಲ್ಲಿ ಈಗಲೂ ಹಗುರಾದದ್ದೇ. ತುಂಬಿದ ಚೀಲ ಇಡ್ತಿದ್ದ ಕಲ್ಲುಹಾಸಿನ ನೆಲದ ಮೇಲೆ ಕಪಾಟು ಬಂತು.

ಘಾಟಿನದು ಒಂದು ದೊಡ್ಡ ಕಥೆ. ಖಾರದ ಅಂಶ ನೀರಿಗೆ ಬಗ್ಗೋದಿಲ್ಲ, ಎಣ್ಣೆಗೆ ಕರಗುತ್ತೆ. ಮೊದಲು ಒಣ ಬ್ರಷ್ಷು, ವ್ಯಾಕ್ಯೂಮ್ ಕ್ಲೀನರು, ಆಮೇಲೆ ಸೋಪಿನ ನೀರು. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಮರ ಒಣಗಿದೆ, ಚೆಂದ ಕಾಣಲಿ ಅಂತ ತೊಲೆಗಳಿಗೆ ಅಗಸೆ ಎಣ್ಣೆ ಬಳಿಸಿದೆ. ಮರದೊಳಗೆ ಎಷ್ಟು ವರ್ಷದಿಂದ ಮಲಗಿತ್ತೋ ಆ ಘಾಟು, ಎದ್ದು ಬಂತು. ಒಂದು ವಾರ ಪಕ್ಕದ ಟೇಲರ್ ಅಂಗಡಿಯವರೂ ಸೀನಿದರು. ಗೌಂಡಿ ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು.

ಇಲ್ಲಿಯವರೆಗೆ ಕಟ್ಟಡ ಹೇಳಿದ್ದನ್ನೆಲ್ಲ ಕೇಳಿದೆ ಅಂತ ನನಗೊಂದು ಹೆಮ್ಮೆ ಬಂದಿತ್ತು. ಆಗ ತಂಗಿ ಬಂದು ಎಲ್ಲ ಸುತ್ತಿ ನೋಡಿ ಕೇಳಿದಳು, "ಅಕ್ಕಾ, ಟಾಯ್ಲೆಟ್ ಎಲ್ಲಿ?"

ಇರಲಿಲ್ಲ. ಹಿತ್ತಲಲ್ಲೂ ಇರಲಿಲ್ಲ. ಈ ಅಂಗಡಿ ಗಂಡಸರಿಗೆ ಅಂತ ಕಟ್ಟಿದ್ದು, ಅವರು ಬಯಲಿಗೋ ಮನೆಗೋ ಹೋಗಿ ಬರ್ತಿದ್ದರು. ಹಾಗಂತ ಇಲ್ಲಿ ಹೆಂಗಸರೇ ಇರಲಿಲ್ಲವಾ? ಇದ್ದರು. ಸುಗ್ಗಿಯಲ್ಲಿ ಹಿತ್ತಲ ತುಂಬ ಕೂತು ತೊಟ್ಟು ಬಿಡಿಸುವ, ಕಾಯಿ ಆರಿಸುವ ಹೆಂಗಸರು. ಬೆಳಿಗ್ಗೆಯಿಂದ ಸಂಜೆವರೆಗೆ. ಅವರು ಏನು ಮಾಡ್ತಿದ್ದರು ಅಂತ ಅವ್ವನನ್ನು ಕೇಳಿದೆ. "ಏನು ಮಾಡ್ತಿದ್ರು? ನೀರು ಕುಡೀತಿದ್ದಿಲ್ಲ," ಅಂದಳು.

ಹಳೇ ಕಟ್ಟಡ ತಾನು ಯಾರಿಗಾಗಿ ಕಟ್ಟಿಸಿಕೊಂಡಿತ್ತೋ ಅವರ ಅನುಕೂಲ ಮಾತ್ರ ಬಲ್ಲದು. ಬರೆಯುವ ದಿವಾನಜಿಗೆ ಎಡದ ಬೆಳಕು ಕೊಟ್ಟ ಮನೆ, ಹಿತ್ತಲ ಹೆಂಗಸರಿಗೆ ಒಂದು ಬಾಗಿಲನ್ನೂ ಕೊಟ್ಟಿರಲಿಲ್ಲ. ಬೀನ್ ಬ್ಯಾಗು, ಕೆಂಪು ಗೋಡೆ, ಗಾಜಿಗೆ ಅಂತ ಮೀಸಲಿಟ್ಟ ದುಡ್ಡೆಲ್ಲ ಹಿತ್ತಲಿಗೆ ಹೋಯ್ತು. ಎರಡು ಶೌಚಾಲಯ, ಕೈ ತೊಳೆಯೋ ಜಾಗ, ಒಳಗಿನಿಂದಲೇ ಹೋಗಿ ಬರುವಂತೆ ಗೋದಾಮಿನ ಹಿಂದಿನ ಗೋಡೆಯಲ್ಲಿ ಒಂದು ಹೊಸ ಬಾಗಿಲು. ಆ ಗೋಡೆ ಒಡೆಯೋವಾಗ ನನಗೆ ಕಸಿವಿಸಿ ಆಗಲೇ ಇಲ್ಲ.

ಯುಗಾದಿಗೆ ನಾಲ್ಕು ದಿನ ಮೊದಲು ಹದಿನಾಲ್ಕು ಕುರ್ಚಿ, ಏಳು ಮೇಜು, ವೈಫೈ, ಕಪಾಟು ತಯಾರಾದವು. ಬೆಳಗಿನವರಿಗೆ ಬೀದಿ ಕಿಟಕಿ, ಮಧ್ಯಾಹ್ನದವರಿಗೆ ಬೆಳಕಿಂಡಿ. ಒಬ್ಬಳು ಥೀಸಿಸ್ ಟೈಪ್ ಮಾಡ್ತಾಳೆ, ಇಬ್ಬರು ಕೆಪಿಎಸ್‌ಸಿಗೆ ಓದ್ತಾರೆ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಹುಡುಗ ತಿಂಗಳಿಗೆ ಇಷ್ಟು ಅಂತ ಕೊಟ್ಟು ಒಂದು ಮೂಲೆ ಹಿಡಿದಿದ್ದಾನೆ. ಕರೆಂಟ್ ಬಿಲ್ಲು ಅವನ ದುಡ್ಡಿನಲ್ಲೇ ಹೋಗುತ್ತೆ. ಮಾಡಿಗೆ ಪ್ರತಿ ವರ್ಷ ಮಳೆಗೆ ಮೊದಲು ಮಣ್ಣು ಹಾಕಿ ಬಡಿಯಬೇಕು, ಆ ಖರ್ಚಿಗೆ ಇನ್ನೂ ದಾರಿ ಕಂಡಿಲ್ಲ.

ಕಾಕಾ ಗಿರಾಕಿಗೆ ಬೇಡ ಅಂದಿಲ್ಲ. ಹುಡುಗಿಯರಿಗೆ ಹನ್ನೊಂದು ತಿಂಗಳ ಕರಾರು ಮಾಡಿಕೊಟ್ಟಿದ್ದಾರೆ, ಆಮೇಲೆ ನೋಡೋಣ ಅಂದಿದ್ದಾರೆ. ಗಿರಾಕಿ ತಿಂಗಳಿಗೊಮ್ಮೆ ಫೋನ್ ಮಾಡ್ತಾನೆ. ಕಾಕಾ ಎತ್ತಿ ಮಾತಾಡ್ತಾರೆ.

ಆದರೆ ಮೊನ್ನೆ ತಂಗಿ ಒಂದು ಫೋಟೊ ಕಳಿಸಿದಳು. ಮಾರ್ಕೆಟ್ ದಿನದ ಬೆಳಿಗ್ಗೆ. ಯಾರ್ಡಿಗೆ ಹೋಗುವ ಮೊದಲು ಕಾಕಾ ಅಂಗಡಿಗೆ ಬಂದಿದ್ದಾರೆ. ಕನ್ನಡಕ ಮೂಗಿನ ತುದಿಯಲ್ಲಿ, ಮುಂದೆ ಲೆಕ್ಕದ ಪುಸ್ತಕ. ಕೂತಿರೋದು ಬೀದಿ ಕಿಟಕಿಗೆ ಎಡಗೈ ಮಾಡಿ, ದಿವಾನಜಿ ಜಾಗದಲ್ಲಿ. ಕೆಳಗೆ ತಂಗಿಯ ಮೆಸೇಜು: "ಅಕ್ಕಾ, ಅದು ನನ್ನ ಸೀಟು. ನೀನರ ಹೇಳು."